ಮೊದಲ ಸಲ ಕೈಬಂದೂಕು ತಗೊಳ್ಳುತ್ತಿದ್ದೇನೆ, .32ರಲ್ಲಿ ನಂಬಬಹುದಾದದ್ದು ಯಾವುದು?

ತೋಟದಮನೆ_ಹೆತ್ತೂರು
ಎಲ್ಲರಿಗೂ ನಮಸ್ಕಾರ. ಎರಡು ವರ್ಷ ಓಡಾಡಿದ ಮೇಲೆ ಹೋದ ವಾರ ಲೈಸೆನ್ಸ್ ಕೈಗೆ ಬಂತು. .32 ರಿವಾಲ್ವರ್ ಅಥವಾ ಪಿಸ್ತೂಲು, ಎರಡರಲ್ಲಿ ಒಂದು ತಗೊಳ್ಳಬಹುದು ಅಂತ ಇದೆ.

ನಮ್ಮದು ಸಕಲೇಶಪುರ ತಾಲೂಕು, ಕಾಫಿ ತೋಟ. ಅಪ್ಪನ ಹೆಸರಿನಲ್ಲಿ ಜೋಡುನಳಿಗೆ ಕೋವಿ ಇದೆ, ಚಿಕ್ಕವನಿದ್ದಾಗಿಂದ ನೋಡಿದ್ದೇನೆ. ಆದರೆ ರಿವಾಲ್ವರ್ ಕೈಯಲ್ಲಿ ಹಿಡಿದೇ ಇಲ್ಲ. ಲೈಸೆನ್ಸಿಗೆ ಅಂತ ತರಬೇತಿ ಸರ್ಟಿಫಿಕೇಟ್ ಕೊಟ್ಟೆ, ಅಲ್ಲಿ ಹೊಡೆದದ್ದು ರೈಫಲ್ಲಿನಲ್ಲಿ ಹತ್ತೇ ಈಡು.

ಶನಿವಾರ ಬಟವಾಡೆಗೆ ದುಡ್ಡು ತರುವುದು ನಾನೇ. ಹನ್ನೊಂದು ಕಿಲೋಮೀಟರ್ ಕಾಡು ದಾರಿ. ಹೋದ ವರ್ಷ ಕಣದಿಂದ ನಾಲ್ಕು ಮೂಟೆ ಮೆಣಸು ಹೋಯಿತು. ಅವತ್ತಿಂದ ಅಮ್ಮ ರಾತ್ರಿ ನಾಯಿ ಬೊಗಳಿದರೆ ಎದ್ದು ಕೂರುತ್ತಾರೆ. ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೊಸದು ತಗೊಳ್ಳಲಾ, ಹಳೇ ಫಾರಿನ್ ಮಾಲು ತಗೊಳ್ಳಲಾ? ರಿವಾಲ್ವರಾ, ಪಿಸ್ತೂಲಾ? ಬಳಸಿದವರು ದಯವಿಟ್ಟು ಹೇಳಿ.

ಮಾಜಿಸೈನಿಕ_ಹಾಸನ
ರಿವಾಲ್ವರ್. ಎರಡನೇ ಯೋಚನೆ ಬೇಡ ತಮ್ಮಾ.

ಕಾರಣ ಹೇಳುತ್ತೇನೆ. ತೋಟ, ಅಂದರೆ ಕಾಡತೂಸು, ಹಳೆಯದಾಗಿ ಈಡು ಹಾರಲಿಲ್ಲ ಅಂದುಕೊ. ರಿವಾಲ್ವರಿನಲ್ಲಿ ಇನ್ನೊಂದು ಸಲ ಟ್ರಿಗರ್ ಎಳೆದರೆ ತೋಟ ತುಂಬಿದ ಉರುಳೆ ತಿರುಗಿ ಮುಂದಿನದು ಬರುತ್ತದೆ. ಪಿಸ್ತೂಲಿನಲ್ಲಿ ಎರಡೂ ಕೈ ಬೇಕು, ಮೇಲಿನ ಜಾರುವ ಭಾಗ, ಅಂದರೆ ಸ್ಲೈಡ್ ಎಳೆದು ಕೆಟ್ಟ ತೋಟವನ್ನು ಹೊರಗೆ ಹಾಕಬೇಕು. ನೂರಾರು ಸಲ ಮಾಡಿದವನಿಗೆ ಅದು ತಾನಾಗೇ ಬರುತ್ತದೆ. ಹತ್ತು ಈಡು ಹೊಡೆದವನಿಗೆ ಕತ್ತಲಲ್ಲಿ ಬರುವುದಿಲ್ಲ.

ಇನ್ನೊಂದು ಮಾತು. ಒಳಗೆ ತೋಟ ಇದೆಯೋ ಇಲ್ಲವೋ ಅಂತ ರಿವಾಲ್ವರಿನಲ್ಲಿ ತೆರೆದ ತಕ್ಷಣ ಕಾಣುತ್ತದೆ. ಪಿಸ್ತೂಲಿನಲ್ಲಿ ತೋಟ ತುಂಬುವ ಮ್ಯಾಗಜಿನ್ ತೆಗೆದು "ಖಾಲಿ" ಅಂದುಕೊಂಡು ನಳಿಗೆಯಲ್ಲಿ ಉಳಿದ ಒಂದನ್ನು ಮರೆತವರು ಎಷ್ಟು ಜನ! ಹೆಚ್ಚಿನ ಅನಾಹುತ ಆಗುವುದು ಆ ಒಂದರಿಂದಲೇ.

ಬಸು_ಧಾರವಾಡ
ಪ್ರಬಲ್ ನೋಡ್ರಿ. 2023ರಲ್ಲಿ ಬಂದದ್ದು. ಉರುಳೆ ಪಕ್ಕಕ್ಕೆ ತೆರೆಯುತ್ತದೆ.

ಗುರಿಕಟ್ಟೆ_ಬೆಂಗಳೂರು
ನಾನು ಶೂಟಿಂಗ್ ಕ್ಲಬ್ಬಿಗೆ ಎಂಟು ವರ್ಷದಿಂದ ಹೋಗುತ್ತಿದ್ದೇನೆ. ಮಾಜಿಸೈನಿಕ ಸರ್ ಹೇಳಿದ್ದನ್ನು ಪೂರ್ತಿ ಒಪ್ಪುವುದಿಲ್ಲ. ರಿವಾಲ್ವರಿನ ಟ್ರಿಗರ್ ಭಾರ. ಹಿಂದಿನ ಹ್ಯಾಮರ್ (ಕುದುರೆ) ಎತ್ತದೆ ನೇರ ಎಳೆದರೆ ಹೊಸಬರ ಕೈ ನಡುಗಿ ಗುರಿ ಕೆಳಗೆ ಹೋಗುತ್ತದೆ. ಏಳು ಗಜದಲ್ಲಿ ಊಟದ ತಟ್ಟೆಯಷ್ಟು ಗುರಿಯನ್ನೂ ತಪ್ಪಿಸಿದವರನ್ನು ನೋಡಿದ್ದೇನೆ. ಪಿಸ್ತೂಲು ಚಪ್ಪಟೆ, ಸೊಂಟದಲ್ಲಿ ಕಾಣುವುದಿಲ್ಲ, ತುಂಬಿಸುವುದೂ ಬೇಗ.

ಆದರೆ ಒಂದು ವಿಷಯ ಅಂಗಡಿಗೆ ಹೋಗುವ ಮೊದಲೇ ಗೊತ್ತಿರಲಿ. ಲೈಸೆನ್ಸಿನಲ್ಲಿ ಎರಡಕ್ಕೂ .32 ಅಂತಲೇ ಬರೆದಿರುತ್ತದೆ, ಆದರೆ ತೋಟ ಬೇರೆ ಬೇರೆ. ರಿವಾಲ್ವರಿನದು .32 ಎಸ್ ಅಂಡ್ ಡಬ್ಲ್ಯೂ ಲಾಂಗ್. ಉದ್ದ ಇರುತ್ತದೆ, ಬುಡದಲ್ಲಿ ಅಂಚು ಇರುತ್ತದೆ. ಪಿಸ್ತೂಲಿನದು .32 ಎಸಿಪಿ, ಮೋಟು. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. "ಪಾಯಿಂಟ್ ಮೂವತ್ತೆರಡು ಕೊಡಿ" ಅಂತ ಬೇರೆಯವರನ್ನು ಕಳಿಸಿ ತರಿಸಿಕೊಂಡು ಪೇಚಿಗೆ ಸಿಕ್ಕವರಿದ್ದಾರೆ. ಬಿಲ್ಲಿನಲ್ಲೂ ಸರಿಯಾಗಿ ಬರೆಸಿಕೊಳ್ಳಿ.

ತೋಟದಮನೆ_ಹೆತ್ತೂರು
ಅಯ್ಯೋ, ಇದು ಗೊತ್ತೇ ಇರಲಿಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ.

ಅಡಿಕೆತೋಟದವರು
ನನ್ನ ಹತ್ತಿರ ಆರು ವರ್ಷದಿಂದ ಪಿಸ್ತೂಲು ಇದೆ. ಯಾವ ಮಾಡೆಲ್ ಅಂತ ಕೇಳಬೇಡಿ. ಮೊದಲ ದಿನವೇ ಮೂರನೇ ಈಡಿಗೆ ಖಾಲಿ ಕೇಸು ಹೊರಗೆ ಬೀಳದೆ ಸ್ಲೈಡಿನ ಬಾಯಲ್ಲಿ ಒಲೆ ಕೊಳವೆ ಥರ ನಿಂತಿತು. ಅಂಗಡಿಗೆ ತಗೊಂಡು ಹೋದೆ. "ಹೊಸದು, ಬಳಸಿ ಬಳಸಿ ಸರಿ ಹೋಗುತ್ತದೆ" ಅಂದರು. ಬಳಸುವುದು ಹೇಗೆ? ವರ್ಷಕ್ಕೆ ಸಿಗುವ ತೋಟವೇ ಲೆಕ್ಕದ್ದು. ಇವತ್ತಿಗೂ ಆರಕ್ಕೆ ಒಂದು ಸಿಕ್ಕಿಕೊಳ್ಳುತ್ತದೆ. ಹಾಸಿಗೆ ಪಕ್ಕ ಇಟ್ಟುಕೊಂಡರೂ ಅದರ ಮೇಲೆ ಭರವಸೆ ಇಲ್ಲ. ಭರವಸೆ ಇಲ್ಲದ್ದು ಇದ್ದರೆಷ್ಟು, ಬಿಟ್ಟರೆಷ್ಟು?

ಗುರಿಕಟ್ಟೆ_ಬೆಂಗಳೂರು
ಹಿಡಿತ ಸಡಿಲ ಇದ್ದರೂ ಹಾಗಾಗುತ್ತದೆ. ಮಣಿಕಟ್ಟು ಬಿಗಿಯಾಗಿ ಇಲ್ಲದಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ.

ಅಡಿಕೆತೋಟದವರು
ಎಲ್ಲದಕ್ಕೂ ಬಳಸುವವನದೇ ತಪ್ಪು ಅಂದರೆ ಹೇಗೆ ಸ್ವಾಮಿ? ನನ್ನ ಭಾವ ನಿವೃತ್ತ ಇನ್ಸ್‌ಪೆಕ್ಟರ್. ಅವರ ಕೈಯಲ್ಲೂ ಸಿಕ್ಕಿಕೊಂಡಿತು.

ಮಾಜಿಸೈನಿಕ_ಹಾಸನ
ಇದಕ್ಕೇ ನಾನು ರಿವಾಲ್ವರ್ ಅಂದದ್ದು. ಅಮೆರಿಕಾದವನು ಒಂದೇ ದಿನ ಇನ್ನೂರು ಈಡು ಹೊಡೆದು ಪಿಸ್ತೂಲಿನ ಗುಣ ತಿಳಿಯುತ್ತಾನೆ. ನಮಗೆ ಆ ಅನುಕೂಲ ಇಲ್ಲ. ಕಡಿಮೆ ತೋಟದಲ್ಲಿ ಕಲಿಯಬೇಕು ಅಂದರೆ ಸರಳವಾದದ್ದನ್ನೇ ತಗೊಳ್ಳಬೇಕು. ಗುರಿಕಟ್ಟೆಯವರು ಟ್ರಿಗರ್ ಭಾರ ಅಂದದ್ದು ನಿಜ. ಆದರೆ ಆ ಭಾರವೇ ಹೊಸಬನನ್ನು ಕಾಯುತ್ತದೆ. ಬೆರಳು ತಾಗಿದ ಮಾತ್ರಕ್ಕೆ ಹಾರುವುದಿಲ್ಲ.

ಟೆಕ್ಸಾಸ್_ಕನ್ನಡಿಗ
ಆಸ್ಟಿನ್‌ನಿಂದ ನಮಸ್ಕಾರ. ನಾನು ಮೊದಲನೆಯದು ತಗೊಂಡದ್ದು ಗ್ರೀನ್ ಕಾರ್ಡ್ ಬಂದ ಮೇಲೆ. ಎಚ್-1ಬಿ ವೀಸಾದಲ್ಲಿ ಇರುವವರು ಇಲ್ಲಿ ಸುಮ್ನೆ ಹೋಗಿ ಕೊಳ್ಳುವಂತಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಇದೆ, ಅಂಥವು ಬಿಟ್ಟರೆ ಅಪರಾಧ. ಗ್ರೀನ್ ಕಾರ್ಡ್ ಇದ್ದರೂ 4473 ಅನ್ನುವ ಫಾರ್ಮ್ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು.

ನನ್ನ ತಪ್ಪು ಕೇಳಿ. ಚಿಕ್ಕದು ಸುಲಭ ಅಂದುಕೊಂಡು ಅಂಗೈಯಗಲದ ಪಿಸ್ತೂಲು ಕೇಳಿದೆ. ರೇಂಜಿನಲ್ಲಿ ಬಾಡಿಗೆಗೆ ಕೊಡುತ್ತಾರೆ. ಮೂರು ಥರದ್ದು ಹೊಡೆದು ನೋಡಿದೆ. ಚಿಕ್ಕದ್ದು ಕೈಗೆ ಜಾಸ್ತಿ ಒದೆಯಿತು, ಕಿರುಬೆರಳಿಗೆ ಹಿಡಿ ಸಾಲಲಿಲ್ಲ. ಮಧ್ಯಮ ಗಾತ್ರದ ಗ್ಲಾಕ್ 19 ಹಿಡಿದಾಗ ಕೈ ನಿಂತಿತು. ಅದನ್ನೇ ತಗೊಂಡೆ. ಕೈಗೆ ಹೊಂದುವುದು ಮುಖ್ಯ, ಹೆಸರು ಆಮೇಲೆ.

ಒಂದು ಪ್ರಶ್ನೆ. ಊರಿಗೆ ವಾಪಸ್ ಬರುವಾಗ ಇದನ್ನು ತರಬಹುದಾ?

ವಕೀಲ_ಶಿವಮೊಗ್ಗ
ತರುವ ಯೋಚನೆಯನ್ನೇ ಬಿಡಿ. ನಿಮ್ಮ ಗ್ಲಾಕ್ 19 ಒಂಬತ್ತು ಎಂಎಂ. ಅದು ನಮ್ಮಲ್ಲಿ ನಿಷೇಧಿತ ಬೋರ್, ಅಂದರೆ ಸೇನೆ ಮತ್ತು ಪೊಲೀಸರು ಬಳಸುವ ಅಳತೆ. .38 ಮತ್ತು .455 ಕೂಡ ಹಾಗೇ. ಅದಕ್ಕೇ ಇಲ್ಲಿ ಸಾಮಾನ್ಯರ ಕೈಬಂದೂಕು ಅಂದರೆ .32 ಅಥವಾ .22. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಜಾಮೀನಿಗೆ ಅಲೆಯಬೇಕಾಗುತ್ತದೆ. ಬಟ್ಟೆ ಚೀಲದಲ್ಲಿ ಮರೆತ ಒಂದೇ ಒಂದು ತೋಟಕ್ಕೆ ಕೇಸಾಗಿ ಅಲೆದವರಿದ್ದಾರೆ. ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಲೇಬೇಡಿ.

ಹೆತ್ತೂರಿನವರಿಗೆ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಮೊದಲು ಮೂರಿತ್ತು. ಲೈಸೆನ್ಸಿನ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಮುಂದೆ ತಂದೆಯ ಕೋವಿ ನಿಮ್ಮ ಹೆಸರಿಗೆ ಬರುವಾಗ ಈ ಲೆಕ್ಕ ನೆನಪಿರಲಿ. ಮದುವೆ, ಜಾತ್ರೆ ಅಂತ ಖುಷಿಗೆ ಗಾಳಿಯಲ್ಲಿ ಹೊಡೆದು ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಅದೂ ಅದೇ ತಿದ್ದುಪಡಿಯಲ್ಲಿ ಬಂದದ್ದು.

ಕೊಡಗಿನ_ಕಾವೇರಿಮಗ
ನಮ್ಮಲ್ಲಿ ಮಗು ಹುಟ್ಟಿದರೆ ಒಂದು ಈಡು, ಸತ್ತರೆ ಎರಡು ಈಡು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕು ಹೂ ಇಟ್ಟು ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪಂದ್ಯ. ನನ್ನಜ್ಜ ಕೋವಿಯನ್ನು ಯಾವತ್ತೂ ದಾಟಿ ಹೋಗಲು ಬಿಡುತ್ತಿರಲಿಲ್ಲ. ದೀಪದ ಹತ್ತಿರ ನಿಂತ ಹಾಗೆ ನಿಲ್ಲಬೇಕು ಅನ್ನುತ್ತಿದ್ದರು.

ಬಸು_ಧಾರವಾಡ
ನಿಮಗೆ ಲೈಸೆನ್ಸೇ ಬೇಡ ಅಲ್ರಿ? ನಮಗೆ ನೋಡಿ ಎರಡೆರಡು ವರ್ಷ.

ಕೊಡಗಿನ_ಕಾವೇರಿಮಗ
ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ವಿನಾಯಿತಿ ಇದೆ ನಿಜ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿಯಿತು. ಆದರೆ ಅದು ಬಿಟ್ಟಿ ಸಿಕ್ಕ ಸವಲತ್ತಲ್ಲ ಅಣ್ಣ, ತಲೆಮಾರುಗಳಿಂದ ಮರ್ಯಾದೆಯಿಂದ ಇಟ್ಟುಕೊಂಡು ಬಂದಿದ್ದೇವೆ. ದಯವಿಟ್ಟು ಹಗುರವಾಗಿ ಮಾತಾಡಬೇಡಿ.

ಬಸು_ಧಾರವಾಡ
ಹಗುರ ಮಾಡಿಲ್ರಿ. ಕೇಳಿದೆ ಅಷ್ಟೇ. ಬೇಜಾರಾಗಿದ್ದರೆ ಕ್ಷಮಿಸ್ರಿ.

ಮಲೆನಾಡ_ಹುಡುಗಿ
ಹೆತ್ತೂರಿನ ಅಣ್ಣಾ, ಒಂದು ಕೇಳಲಾ? ಆ ಕಡೆ ಆನೆ ಕಾಟ ಜಾಸ್ತಿ ಅಲ್ವಾ. ಅದಕ್ಕೂ ಸೇರಿಸಿ ತಗೊಳ್ಳುತ್ತಿದ್ದೀರಾ?

ಮಾಜಿಸೈನಿಕ_ಹಾಸನ
ಆನೆಗೆ .32 ಅಂದರೆ ಮುಳ್ಳು ಚುಚ್ಚಿದ ಹಾಗೆ. ಕೆರಳಿಸಿ ಜೀವ ಕಳೆದುಕೊಳ್ಳುತ್ತೀರಿ. ಮೇಲೆ 1972ರ ವನ್ಯಜೀವಿ ಕಾಯ್ದೆಯ ಕೇಸು. ಆನೆ ಕಂಡರೆ ಹಿಂದೆ ಸರಿದು ಆನೆ ಕಾರ್ಯಪಡೆಗೆ ಫೋನ್ ಮಾಡಿ. ನಂಬರು ಕೆಲಸಗಾರರ ಲೈನ್ ಮನೆಯ ಗೋಡೆಯ ಮೇಲೂ ಬರೆದಿಡಿ.

ತೋಟದಮನೆ_ಹೆತ್ತೂರು
ಇಲ್ಲ ತಂಗಿ, ಆನೆಗೆ ಅಲ್ಲ. ಆನೆ ಬಂದರೆ ತೋಟದ ಲೆಕ್ಕ ನೋಡುವ ನಮ್ಮ ರೈಟರಿಗೇ ಮೊದಲು ಗೊತ್ತಾಗುತ್ತದೆ, ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತಾರೆ.

ಹಳೇ ಫಾರಿನ್ ಮಾಲಿನ ಬಗ್ಗೆ ಯಾರೂ ಹೇಳಲಿಲ್ಲ. ಚಿಕ್ಕಮಗಳೂರಿನ ಒಬ್ಬರು ಇಂಗ್ಲೆಂಡಿನ ವೆಬ್ಲಿ ಸ್ಕಾಟ್ ಇದೆ ಅಂತಿದ್ದಾರೆ. ಹೊಸದರ ಎರಡು ಪಟ್ಟಿಗಿಂತ ಜಾಸ್ತಿ ಕೇಳುತ್ತಿದ್ದಾರೆ.

ಗುರಿಕಟ್ಟೆ_ಬೆಂಗಳೂರು
1980ರ ದಶಕದಿಂದ ಸಾಮಾನ್ಯರು ಹೊರದೇಶದ ಬಂದೂಕು ತರಿಸುವಂತಿಲ್ಲ. ಒಳಗಿರುವವೇ ಕೈ ಬದಲಾಗುತ್ತಿವೆ, ಅದಕ್ಕೇ ಆ ಬೆಲೆ. ಒಳ್ಳೆಯದು ಸಿಕ್ಕರೆ ಬೆಣ್ಣೆಯ ಹಾಗೆ ಇರುತ್ತದೆ, ಸುಳ್ಳಲ್ಲ. ಆದರೆ ಒಳಗಿನ ಒಂದು ಸ್ಪ್ರಿಂಗ್ ಹೋದರೆ ಎಲ್ಲಿ ತರುತ್ತೀರಿ? ಸಂಗ್ರಹಕ್ಕೆ ಸರಿ, ಮೊದಲನೆಯದಕ್ಕೆ ಬೇಡ.

ಹೊಸದರಲ್ಲಿ ನೋಡುವುದಾದರೆ ಸರ್ಕಾರಿ ಕಾರ್ಖಾನೆಯ .32 ಮಾರ್ಕ್ 3. ಅದು ವೆಬ್ಲಿ ಮಾದರಿಯದ್ದೇ. ಮೇಲಿನ ಕೊಂಡಿ ಒತ್ತಿದರೆ ನಿಮ್ಮ ಅಪ್ಪನ ಜೋಡುನಳಿಗೆ ಮುರಿದ ಹಾಗೆ ಮುಂದಕ್ಕೆ ಮುರಿಯುತ್ತದೆ, ಆರು ಕೇಸೂ ಒಟ್ಟಿಗೆ ಏಳುತ್ತವೆ. ನಿರ್ಭೀಕ್ 2014ರಲ್ಲಿ ಕಾನ್ಪುರದಿಂದ ಬಂದದ್ದು, ಟೈಟಾನಿಯಂ ಮಿಶ್ರಲೋಹ, ಸುಮಾರು 500 ಗ್ರಾಂ. ಬಂದಾಗ ಬೆಲೆ 1.22 ಲಕ್ಷ ಇತ್ತು. ಮಹಿಳೆಯರಿಗೆ ಅಂತ ಪ್ರಚಾರ ಮಾಡಿದರು. ಪ್ರಬಲ್ ಸುಮಾರು 700 ಗ್ರಾಂ, ಉರುಳೆ ಪಕ್ಕಕ್ಕೆ ಬರುತ್ತದೆ ಅಂತ ಬಸು ಅವರು ಆಗಲೇ ಹೇಳಿದ್ದಾರೆ. ಈಗ ಖಾಸಗಿಯವರದ್ದೂ ಇದೆ. ಉತ್ತರ ಪ್ರದೇಶದ ಹರ್ದೋಯಿ ಜಿಲ್ಲೆಯಲ್ಲಿ ವೆಬ್ಲಿ ಹೆಸರಿನಲ್ಲೇ .32 ರಿವಾಲ್ವರ್ ಮಾಡುತ್ತಾರೆ.

ಮಲೆನಾಡ_ಹುಡುಗಿ
ಮಹಿಳೆಯರಿಗೆ ಅಂದರೆ ಹಗುರ ಇದ್ದರೆ ಸಾಕಾ? ಟ್ರಿಗರ್ ಎಳೆಯಲು ಬೆರಳಿಗೆ ಶಕ್ತಿ ಬೇಕಲ್ಲ. ನನ್ನ ಅತ್ತೆ ಒಂದು ಅಂಗಡಿಯಲ್ಲಿ ಖಾಲಿ ರಿವಾಲ್ವರಿನ ಟ್ರಿಗರ್ ಎಳೆಯಲು ನೋಡಿದರು, ಎರಡು ಬೆರಳು ಹಾಕಬೇಕಾಯಿತು. ತೂಕ ನೋಡಿ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಟೆಕ್ಸಾಸ್_ಕನ್ನಡಿಗ
ನೂರಕ್ಕೆ ನೂರು ನಿಜ. ನನ್ನ ಹೆಂಡತಿಯೂ ಇದನ್ನೇ ಹೇಳುತ್ತಾಳೆ.

ಮಾಜಿಸೈನಿಕ_ಹಾಸನ
ತಮ್ಮಾ, ಅಂಗಡಿಯಲ್ಲಿ ಏನು ನೋಡಬೇಕು ಹೇಳುತ್ತೇನೆ. ಕೌಂಟರಿನ ಮೇಲೆ ಮೂರು ಪೀಸು ಇಡಿಸಿಕೊ. ಒಂದೇ ಮಾಡೆಲ್ ಆದರೂ ಪೀಸಿನಿಂದ ಪೀಸಿಗೆ ವ್ಯತ್ಯಾಸ ಇರುತ್ತದೆ.

ಮೊದಲು ತೆರೆದು ಖಾಲಿ ಇದೆ ಅಂತ ನೀನೇ ನೋಡು, ಅಂಗಡಿಯವರು ಹೇಳಿದ್ದು ಸಾಲದು. ನಳಿಗೆಯನ್ನು ಗೋಡೆ ಕಡೆ ಹಿಡಿದು, ಅವರನ್ನು ಕೇಳಿ, ಹ್ಯಾಮರ್ ನಿಧಾನ ಎತ್ತು. ಅಪ್ಪನ ಕೋವಿಯಲ್ಲಿ ಕುದುರೆ ಅನ್ನುತ್ತೇವಲ್ಲ, ಅದೇ. ಕುದುರೆ ಪೂರ್ತಿ ಏಳುವುದರೊಳಗೆ ಉರುಳೆ ಟಕ್ ಅಂತ ಕೂರಬೇಕು. ಕೂತ ಮೇಲೆ ಹೆಬ್ಬೆರಳಿನಲ್ಲಿ ಉರುಳೆಯನ್ನು ಅಲ್ಲಾಡಿಸು. ಕೂದಲೆಳೆಯಷ್ಟು ಆಡಿದರೆ ಪರವಾಗಿಲ್ಲ, ಸಡಿಲ ಹಲ್ಲಿನ ಹಾಗೆ ಆಡಿದರೆ ವಾಪಸ್ ಕೊಡು. ಆರೂ ಕೋಣೆಗೆ ಹೀಗೆ ಮಾಡು. ಒಂದನ್ನು ನೋಡಿ ಆರೂ ಸರಿ ಅನ್ನಬೇಡ. ಮುರಿಯುವ ಮಾದರಿ ಆದರೆ ಮುಚ್ಚಿ ನಳಿಗೆಯನ್ನು ಮೇಲೆ ಕೆಳಗೆ ಒತ್ತು. ಕೀಲು ಆಡಬಾರದು. ಕೊನೆಗೆ ಬೆಳಕಿಗೆ ಹಿಡಿದು ನಳಿಗೆಯ ಒಳಗೆ ನೋಡು. ಸುರುಳಿ ಗೆರೆ ಚೂಪಾಗಿ ಕಾಣಬೇಕು.

ಅವಸರ ಮಾಡುವ ಅಂಗಡಿಯಿಂದ ಎದ್ದು ಬಾ.

ತೋಟದಮನೆ_ಹೆತ್ತೂರು
ಸರ್, ಇದನ್ನು ಬರೆದಿಟ್ಟುಕೊಂಡೆ. ತುಂಬಾ ಥ್ಯಾಂಕ್ಸ್.

ಅಡಿಕೆತೋಟದವರು
ಮಳೆಗಾಲದ ಬಗ್ಗೆ ನಾನು ಹೇಳುತ್ತೇನೆ, ಇದು ನಮ್ಮ ಮಲೆನಾಡಿನವರಿಗೇ ಗೊತ್ತಾಗುವುದು. ಚರ್ಮದ ಹೋಲ್ಸ್ಟರ್ ಚೆನ್ನಾಗಿದೆ ಅಂತ ಅದರಲ್ಲೇ ಹಾಕಿ ಬೀರುವಿನಲ್ಲಿಟ್ಟಿದ್ದೆ. ಆಷಾಢ ಕಳೆದು ತೆಗೆದರೆ ಚರ್ಮ ತಾಗಿದ ಕಡೆಯೆಲ್ಲ ಕೆಂಪು ಚುಕ್ಕೆ. ಚರ್ಮ ನೀರು ಕುಡಿದುಕೊಂಡು ಕಬ್ಬಿಣಕ್ಕೆ ಕೊಡುತ್ತದೆ. ತೋಟಗಳ ಹಿತ್ತಾಳೆ ಹಸಿರು ಹಿಡಿದಿತ್ತು, ತಾಮ್ರದ ಚೊಂಬಿಗೆ ಕಿಲುಬು ಬಂದ ಹಾಗೆ. ಈಗ ಎಣ್ಣೆ ಒರೆಸಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿ ಇಡುತ್ತೇನೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಹದಿನೈದು ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ತೋಟಕ್ಕೆ ಎಣ್ಣೆ ತಾಗಿಸಬೇಡಿ, ಮದ್ದು ಕೆಡುತ್ತದೆ.

ಚುನಾವಣೆ ಹೊತ್ತಿಗೆ ಬಂದೂಕು ಜಮಾ ಮಾಡುವಾಗಲೂ ಹೀಗೇ ಎಣ್ಣೆ ಹಾಕಿ ಕೊಡಿ. ಒಂದು ಸಲ ನನ್ನದು ಎರಡೂವರೆ ತಿಂಗಳು ಬಿಟ್ಟು ವಾಪಸ್ ಬಂದಾಗ ಉರುಳೆ ತಿರುಗುತ್ತಲೇ ಇರಲಿಲ್ಲ. ಆಗ ನನ್ನ ಹತ್ತಿರ ಇದ್ದದ್ದು ರಿವಾಲ್ವರ್. ಯಾರನ್ನು ಕೇಳುವುದು? ರಸೀದಿಯಲ್ಲಿ "ಸುಸ್ಥಿತಿಯಲ್ಲಿ ಪಡೆದಿದೆ" ಅಂತ ಬರೆಸಿಕೊಳ್ಳಿ.

ಗುರಿಕಟ್ಟೆ_ಬೆಂಗಳೂರು
ಹಳೇ ತೋಟದ ವಿಷಯ ಬಂತು, ಒಂದು ಹೇಳಲೇಬೇಕು. ರೇಂಜಿನಲ್ಲಿ ನನ್ನ ಪಕ್ಕದ ಲೇನಿನಲ್ಲಿ ಒಬ್ಬರು ಎಷ್ಟೋ ವರ್ಷದ ಹಳೇ ತೋಟ ತಂದಿದ್ದರು. ಎರಡು ಸರಿಯಾಗಿ ಹಾರಿತು. ಮೂರನೆಯದು "ಪುಸ್" ಅಂದಿತು, ಕೈಗೆ ಒದೆತವೇ ಇಲ್ಲ. ಅವರು ಮುಂದಿನದಕ್ಕೆ ಟ್ರಿಗರ್ ಎಳೆಯಲು ಹೊರಟರು. ತರಬೇತಿಯವರು ಹಿಂದಿನಿಂದ ಬಂದು ಮಣಿಕಟ್ಟು ಹಿಡಿದುಬಿಟ್ಟರು. ತೆರೆದು ನೋಡಿದರೆ ಗುಂಡು ನಳಿಗೆಯ ಮಧ್ಯದಲ್ಲೇ ಕೂತಿತ್ತು. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ನಳಿಗೆ ಸೀಳಿ ಅವರ ಕೈ ಹೋಗುತ್ತಿತ್ತು.

ಸದ್ದು ಬೇರೆ ಥರ ಬಂದರೆ ನಿಲ್ಲಿಸಿ. ಸದ್ದೇ ಬರದೆ ಬರೀ ಟಿಕ್ ಅಂದರೆ ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರುವುದೂ ಉಂಟು. ಮಾಜಿಸೈನಿಕ ಸರ್ "ಇನ್ನೊಂದು ಸಲ ಎಳೆ" ಅಂದದ್ದು ಪ್ರಾಣಕ್ಕೆ ಬಂದಾಗ. ಅಭ್ಯಾಸದಲ್ಲಿ ಹಾಗೆ ಮಾಡಬೇಡಿ.

ಮಾಜಿಸೈನಿಕ_ಹಾಸನ
ಸರಿಯಾದ ಮಾತು. ನಾನು ಬಿಡಿಸಿ ಹೇಳಬೇಕಿತ್ತು.

ನರ್ಸಕ್ಕ_ಉಡುಪಿ
ಇಷ್ಟು ಹೊತ್ತು ಓದಿದೆ. ಬಂದೂಕಿನ ಬಗ್ಗೆ ನನಗೆ ಗೊತ್ತಿಲ್ಲ, ಅದರಿಂದ ಆಸ್ಪತ್ರೆಗೆ ಬರುವವರ ಬಗ್ಗೆ ಗೊತ್ತು. ಹದಿನೇಳು ವರ್ಷ ತುರ್ತು ವಿಭಾಗದಲ್ಲಿದ್ದೇನೆ. ಬಂದೂಕಿನ ಗಾಯ ಅಂತ ನಾನು ನೋಡಿದ್ದರಲ್ಲಿ ಕಳ್ಳರಿಂದ ಆದದ್ದು ಒಂದೂ ಇಲ್ಲ. ಒರೆಸುವಾಗ ಹಾರಿದ್ದು, ಮಕ್ಕಳ ಕೈಗೆ ಸಿಕ್ಕಿದ್ದು, ಸಾಲದ ಚಿಂತೆಯಲ್ಲಿ ಒಂದು ಕೆಟ್ಟ ರಾತ್ರಿ ತಾವೇ ಮಾಡಿಕೊಂಡದ್ದು. ಆ ರಾತ್ರಿ ಕಳೆದಿದ್ದರೆ ಬದುಕುತ್ತಿದ್ದರು ಅಂತ ಮನೆಯವರು ಕಾರಿಡಾರಿನಲ್ಲಿ ಅಳುತ್ತಾರೆ.

ಹೆತ್ತೂರಿನವರೇ, ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ್ದರೆ, ಕುಡಿತ ಇದ್ದರೆ, ಈಗ ತರಬೇಡಿ. ಇಟ್ಟುಕೊಳ್ಳುವುದಾದರೆ ಬೀಗದ ಕೈ ನಿಮ್ಮ ಹತ್ತಿರ ಮಾತ್ರ ಇರಲಿ. ಬೆಳೆ ಕೈಕೊಟ್ಟ ವರ್ಷ ನೀವೇ ಅದನ್ನು ಅಂಗಡಿಯಲ್ಲಿ ಜಮಾ ಇಡಿ.

ಬಸು_ಧಾರವಾಡ
ಅಕ್ಕಾರ ಮಾತು ಎಲ್ಲರೂ ಎರಡು ಸಲ ಓದ್ರಿ.

ಅಡಿಕೆತೋಟದವರು
ಅಕ್ಕ ಹೇಳಿದ್ದು ಒಪ್ಪುತ್ತೇನೆ. ಆದರೆ ಬೀಗ ಹಾಕಿ ಒಳಗಿಟ್ಟರೆ ಕಳ್ಳ ಬಂದಾಗ ತೆಗೆಯುವುದು ಯಾವಾಗ?

ವಕೀಲ_ಶಿವಮೊಗ್ಗ
ಗೋಡೆಗೆ ಬೋಲ್ಟ್ ಹಾಕಿದ, ನಂಬರು ಒತ್ತಿ ತೆರೆಯುವ ಚಿಕ್ಕ ಲಾಕರ್ ಹಾಕಿಸಿ. ಬೇಗ ತೆರೆಯಬಹುದು, ಮಕ್ಕಳ ಕೈಗೆ ಸಿಗುವುದಿಲ್ಲ. ಬೀರುವಿನಲ್ಲಿ ಸೀರೆ ಕೆಳಗೆ ಇಡುವುದು ಬೇಡ. ಕಳುವಾದರೆ ಮೊದಲು ಪ್ರಶ್ನೆ ಬರುವುದು ನಿಮಗೇ. ಲೈಸೆನ್ಸ್ ಹೋಗಬಹುದು.

ಇನ್ನೊಂದು. ಮೆಣಸು ಕದ್ದು ಓಡುವವನ ಬೆನ್ನಿಗೆ ಹೊಡೆದರೆ ಅದು ಆತ್ಮರಕ್ಷಣೆ ಆಗುವುದಿಲ್ಲ. ಹಳೇ ಐಪಿಸಿಯಲ್ಲಿ 96ರಿಂದ 106ನೇ ಸೆಕ್ಷನ್ ಇತ್ತು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಅಪಾಯ ಎಷ್ಟಿದೆಯೋ ಅಷ್ಟಕ್ಕೇ ಉತ್ತರ. ನಾಲ್ಕು ಮೂಟೆ ಮೆಣಸಿಗೆ ಒಂದು ಜೀವ ತೆಗೆದರೆ ನಿಮ್ಮ ಉಳಿದ ಆಯಸ್ಸು ಕೋರ್ಟಿನಲ್ಲೇ ಕಳೆಯುತ್ತದೆ.

ತೋಟದಮನೆ_ಹೆತ್ತೂರು
ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ನರ್ಸಕ್ಕ ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸುಮಾರು ಹೊತ್ತು ಸುಮ್ಮನಿದ್ದು, "ಮೊದಲು ಕಣಕ್ಕೆ ಲೈಟು ಹಾಕಿಸು" ಅಂದರು. ಹಾಕಿಸಿದೆ. ಕಣದ ಮೂಲೆಗೆ ಎರಡು, ಗೇಟಿಗೆ ಒಂದು ಕ್ಯಾಮೆರಾ. ಬಟವಾಡೆಯನ್ನೂ ಆದಷ್ಟು ಜನರ ಬ್ಯಾಂಕ್ ಖಾತೆಗೇ ಹಾಕುವುದು ಅಂತ ರೈಟರ ಜೊತೆ ಮಾತಾಡಿದ್ದೇನೆ. ಖಾತೆ ಇಲ್ಲದವರು ಒಂಬತ್ತು ಜನ. ಈ ತಿಂಗಳು ಮಾಡಿಸಿಕೊಡುತ್ತೇವೆ.

ರಿವಾಲ್ವರೇ ಅಂತ ತೀರ್ಮಾನ ಮಾಡಿದೆ. ಆದರೆ ತಗೊಳ್ಳುವ ಮೊದಲು ಕಲಿಯಬೇಕು ಅನ್ನಿಸಿದೆ. ಲೈಸೆನ್ಸಿನಲ್ಲಿ ಕೊಳ್ಳಲು ಇನ್ನೂ ಸಮಯ ಇದೆ. ಹಾಸನದಲ್ಲಿ ಪೊಲೀಸರು ನಾಗರಿಕರಿಗೆ ಬಂದೂಕು ತರಬೇತಿ ಶಿಬಿರ ಮಾಡುತ್ತಾರಲ್ಲ, ಅಲ್ಲಿ ಕೈಬಂದೂಕು ಕಲಿಸುತ್ತಾರಾ?

ಮಾಜಿಸೈನಿಕ_ಹಾಸನ
ಅಲ್ಲಿ ರೈಫಲ್ಲೇ ಮುಖ್ಯ. ಆದರೂ ಹೋಗು, ಶಿಸ್ತು ಬರುತ್ತದೆ. ರಿವಾಲ್ವರಿಗೆ ಗುರಿಕಟ್ಟೆಯವರ ಕ್ಲಬ್ಬೇ ಸರಿ. ಅಂಗಡಿಗೆ ಹೋಗುವ ದಿನ ಹೇಳು, ಹಾಸನದಿಂದ ನಾನೂ ಜೊತೆಗೆ ಬರುತ್ತೇನೆ.

ಗುರಿಕಟ್ಟೆ_ಬೆಂಗಳೂರು
ಭಾನುವಾರ ಬೆಳಿಗ್ಗೆ ಬನ್ನಿ. ಮೊದಲ ದಿನ ಬರೀ ಖಾಲಿ ಟ್ರಿಗರ್ ಎಳೆಯುವ ಅಭ್ಯಾಸ. ಹ್ಯಾಮರ್ ಬೀಳುವಾಗ ನಳಿಗೆಯ ತುದಿಯಲ್ಲಿಟ್ಟ ಒಂದು ರೂಪಾಯಿ ನಾಣ್ಯ ಬೀಳಬಾರದು. ಅದು ಹತ್ತು ಸಲ ನಿಂತ ಮೇಲೆ ತೋಟ ಕೊಡುತ್ತೇವೆ.

ತೋಟದಮನೆ_ಹೆತ್ತೂರು
ಬರುತ್ತೇನೆ. ಮಾಜಿಸೈನಿಕ ಸರ್, ನಿಮ್ಮ ನಂಬರು ಮೆಸೇಜಿನಲ್ಲಿ ಕಳಿಸಿ. ಅಪ್ಪನೂ ಅಂಗಡಿಗೆ ಬರುತ್ತಾರಂತೆ, ಕುದುರೆ ಎತ್ತಿ ನೋಡುವುದು ತಮ್ಮ ಕೆಲಸ ಅಂತಿದ್ದಾರೆ.